ಬೂತಾಯಿ ದರ್ಶನಕ್ಕೆ ಪಾಸ್‌ಪೋರ್ಟ್

ಮೀನು ಬರುವುದು ಬಿಡುವುದು ಮೀನಿಗೆ ಬಿಟ್ಟದ್ದು. ಹಣ ಮಾತ್ರ ಮುಂಗಡವಾಗಿಯೇ ಕಟ್ಟತಕ್ಕದ್ದು. ದಕ್ಷಿಣ ಆಫ್ರಿಕಾದ ‘ಸಾರ್ಡೀನ್ ರನ್’ ನೋಡಲು ಹೊರಟವರು ಸಹಿ ಹಾಕುವ ಕಾಗದಗಳ ಒಟ್ಟು ತಾತ್ಪರ್ಯ ಇಷ್ಟೇ. ಶಾರ್ಕ್ ಕಚ್ಚಿದರೆ ನಾವು ಹೊಣೆಯಲ್ಲ, ಅಲೆ ಎತ್ತಿ ಒಗೆದರೆ ನಾವು ಹೊಣೆಯಲ್ಲ, ಏನೂ ಕಾಣದೆ ವಾಂತಿಯೊಂದನ್ನೇ ಮಾಡಿಕೊಂಡು ವಾಪಸ್ ಬಂದರೆ ಅದಕ್ಕಂತೂ ಹೊಣೆಯೇ ಅಲ್ಲ. ಮುಂದೆ ಏನಾಗಬಹುದೆಂದು ಇಷ್ಟು ಪ್ರಾಮಾಣಿಕವಾಗಿ ಮೊದಲೇ ಹೇಳಿಬಿಡುವ ಪದ್ಧತಿ ನಮ್ಮಲ್ಲಿ ಮದುವೆಗೂ ಇಲ್ಲ.

ಸಾರ್ಡೀನ್ ಅಂದರೆ ನಮ್ಮ ಮಂಗಳೂರಿನ ಬೂತಾಯಿಯ ದಾಯಾದಿ. ಗೇಣುದ್ದದ ಬೆಳ್ಳಿ ಬಣ್ಣದ ಮೀನು. ಮೇ ತಿಂಗಳಿಂದ ಜುಲೈವರೆಗೆ, ಅಲ್ಲಿ ಚಳಿಗಾಲ ಇರುವಾಗ, ಆಫ್ರಿಕಾದ ದಕ್ಷಿಣ ತುದಿಯ ಕಡೆಯಿಂದ ಇದರ ಹಿಂಡು ಹೊರಡುತ್ತದೆ. ಹೊರಗಡೆ ಅಗುಲ್ಹಾಸ್ ಪ್ರವಾಹದ ಬೆಚ್ಚನೆಯ ನೀರು ಎದುರಿನಿಂದ ಹರಿದು ಬರುತ್ತಿರುತ್ತದೆ. ಈ ಮೀನು ತೀರಕ್ಕೆ ಅಂಟಿಕೊಂಡ ತಣ್ಣೀರಿನ ಒಂದು ಸಣ್ಣ ಪಟ್ಟಿಯನ್ನೇ ಹಿಡಿದು, ಈಸ್ಟರ್ನ್ ಕೇಪ್ ಪ್ರಾಂತ್ಯದ ವೈಲ್ಡ್ ಕೋಸ್ಟ್ ದಾಟಿ ಡರ್ಬನ್ ಕಡೆಗೆ ಸಾಗುತ್ತದೆ. ನೀರು ಸುಮಾರು 21 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಪ್ರಯಾಣ. ಬಿಸಿಯಾದರೆ ಕಾರ್ಯಕ್ರಮ ರದ್ದು. ದೊಡ್ಡ ಹಿಂಡಾದರೆ ಏಳು ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್ ಅಗಲ, 30 ಮೀಟರ್ ಆಳ ಇರುವುದುಂಟು.

ಇಷ್ಟು ದೊಡ್ಡ ಊಟ ಹೊರಟ ಮೇಲೆ ಉಣ್ಣುವವರು ಸುಮ್ಮನಿರುತ್ತಾರೆಯೇ? ಡಾಲ್ಫಿನ್‌ಗಳು ಸಾವಿರಗಟ್ಟಲೆ ಬರುತ್ತವೆ. ಕಾಪರ್ ಶಾರ್ಕ್‌ಗಳು ಬರುತ್ತವೆ. ಬ್ರೈಡ್ಸ್ ತಿಮಿಂಗಿಲ ಬಾಯಿ ತೆರೆದುಕೊಂಡು ಕೆಳಗಿನಿಂದ ಏಳುತ್ತದೆ. ಮೇಲಿನಿಂದ ಕೇಪ್ ಗ್ಯಾನೆಟ್ ಹಕ್ಕಿಗಳು ರೆಕ್ಕೆ ಮಡಚಿ ಈಟಿಯಂತೆ ನೀರಿಗೆ ಬೀಳುತ್ತವೆ. ಡಾಲ್ಫಿನ್‌ಗಳು ಹಿಂಡಿನ ಒಂದು ತುಂಡನ್ನು ಬೇರ್ಪಡಿಸಿ, ಸುತ್ತುಗಟ್ಟಿ, ಮೇಲಕ್ಕೆ ಒತ್ತಿ ಉಂಡೆ ಕಟ್ಟುತ್ತವೆ. ಇದಕ್ಕೆ ‘ಬೈಟ್ ಬಾಲ್’ ಎನ್ನುತ್ತಾರೆ. ಹತ್ತಿಪ್ಪತ್ತು ಮೀಟರ್ ಅಗಲದ ಆ ಜೀವಂತ ಉಂಡೆ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಖಾಲಿ. ಇಷ್ಟೆಲ್ಲರ ಬೆನ್ನಿಗೆ, ಕಡೆಯದಾಗಿ, ಬಾಯಿಗೆ ಸ್ನಾರ್ಕೆಲ್ ಕೊಳವೆ ಸಿಕ್ಕಿಸಿಕೊಂಡ ಮನುಷ್ಯ ಬರುತ್ತಾನೆ. ಬಂದವರಲ್ಲೆಲ್ಲ ದುಡ್ಡು ಕೊಟ್ಟು, ಏನೂ ತಿನ್ನದೆ ಎದ್ದು ಹೋಗುವವನು ಇವನೊಬ್ಬನೇ.

ಈ ಹುಚ್ಚು ಹಿಡಿಸಿದ್ದರಲ್ಲಿ ಟೀವಿಯ ಪಾಲು ದೊಡ್ಡದು. 2009ರಲ್ಲಿ ಬಿಬಿಸಿಯ ‘ನೇಚರ್ಸ್ ಗ್ರೇಟ್ ಈವೆಂಟ್ಸ್’ ಸರಣಿಯಲ್ಲಿ ಸಾರ್ಡೀನ್ ರನ್ ಒಂದು ಇಡೀ ಕಂತಾಗಿ ಬಂತು. ಡೇವಿಡ್ ಅಟೆನ್‌ಬರೋ ಅವರ ದನಿಯಲ್ಲಿ ಮೀನು ಸಾಯುವುದನ್ನು ಕೇಳಿದರೆ ಯಾರಿಗಾದರೂ ತಾವೂ ಅಲ್ಲಿರಬೇಕಿತ್ತು ಅನ್ನಿಸುತ್ತದೆ. ಕಾಯುವ ಭಾಗವನ್ನೆಲ್ಲ ಕತ್ತರಿಸಿ ಎಸೆದ ಮೇಲೆ ಉಳಿಯುವುದೇ ಸಾಕ್ಷ್ಯಚಿತ್ರ. ಆ ಕತ್ತರಿಸಿದ ಭಾಗವನ್ನೇ ಒಟ್ಟುಗೂಡಿಸಿ ಪ್ರವಾಸಿಗನಿಗೆ ಮಾರುವುದು ಪ್ಯಾಕೇಜು.

ಬೆಂಗಳೂರಿನ ಒಂದು ದಂಪತಿಯನ್ನು ಊಹಿಸಿಕೊಳ್ಳಿ. ಕಾಶ್ಮೀರ ಆಗಿದೆ, ಸ್ವಿಟ್ಜರ್‌ಲೆಂಡ್ ಆಗಿದೆ, ಕೀನ್ಯಾದಲ್ಲಿ ಸಿಂಹ ಆಕಳಿಸಿದ್ದೂ ಆಗಿದೆ. ಪಕ್ಕದ ಫ್ಲ್ಯಾಟಿನವರು ಇನ್ನೂ ಮಾಡದ್ದು ಏನಾದರೂ ಬೇಕು. ಹೀಗೆ ಹುಡುಕಿ ಹುಡುಕಿ ಅವರೀಗ ಪೋರ್ಟ್ ಸೇಂಟ್ ಜಾನ್ಸ್ ಎಂಬ ಸಣ್ಣ ಊರಿನಲ್ಲಿ, ಉಮ್ಝಿಮ್ವುಬು ನದಿಯ ಅಳಿವೆಯಲ್ಲಿ, ಕತ್ತಲು ಹರಿಯುವ ಮೊದಲೇ ವೆಟ್‌ಸೂಟಿನೊಳಗೆ ಇಳಿಯಲು ಒದ್ದಾಡುತ್ತಿದ್ದಾರೆ.

‘ಹೊಟ್ಟೆ ಒಳಗೆ ಎಳ್ಕೊಳ್ರೀ, ಜಿಪ್ ಬರ್ತಿಲ್ಲ.’

‘ಎಳ್ಕೊಂಡೇ ಇದೀನಿ ಕಣೇ.’

ರಬ್ಬರ್ ದೋಣಿ ಅಲೆಯ ಮೇಲೆ ಹತ್ತಿ ಧಬ್ಬನೆ ಬೀಳುತ್ತದೆ. ಪಾದಗಳನ್ನು ಪಟ್ಟಿಯೊಳಗೆ ತೂರಿಸಿ, ಅಂಚಿನ ಹಗ್ಗ ಹಿಡಿದು ಕೂತುಕೊಳ್ಳಬೇಕು. ಮೇಲೆ ಒಂದು ಪುಟ್ಟ ವಿಮಾನ ಮೀನು ಹುಡುಕುತ್ತಿದೆ. ಕೆಳಗೆ ಇವರು ದಿಗಂತ ಹುಡುಕುತ್ತಿದ್ದಾರೆ. ದಿಗಂತ ನೋಡಿದರೆ ವಾಂತಿ ಬರುವುದಿಲ್ಲ ಎಂದು ಗೈಡ್ ಹೇಳಿದ್ದಾನೆ.

‘ರೀ, ಮಾತ್ರೆ ತಗೊಂಡ್ರಾ?’

‘ತಗೊಂಡೆ. ಅದೂ ಆಚೆ ಬಂತು.’

ಮೂರು ಗಂಟೆಯ ನಂತರ ದೂರದಲ್ಲಿ ಗ್ಯಾನೆಟ್‌ಗಳು ಬೀಳತೊಡಗುತ್ತವೆ. ದೋಣಿ ಓಡುತ್ತದೆ. ಎಲ್ಲ ಕಂಪನಿಗಳ ಗೈಡ್‌ಗಳಿಗೂ ಕಣ್ಣಿರುವುದರಿಂದ ಎಲ್ಲ ದೋಣಿಗಳೂ ಅಲ್ಲಿಗೇ ಓಡುತ್ತವೆ. ಗೈಡ್ ಕೂಗುತ್ತಾನೆ: ‘ಧುಮುಕಿ, ಧುಮುಕಿ!’ ಮುಖಕ್ಕೆ ಮಾಸ್ಕ್ ಕೂರುವ ಮೊದಲೇ ನಮ್ಮವರು ನೀರಿನಲ್ಲಿ. ಎದುರಿಗೆ ಕಾಣುವುದು ಒಬ್ಬ ಜರ್ಮನ್ ಪ್ರಜೆಯ ಹಳದಿ ಈಜುರೆಕ್ಕೆ, ಅದರ ಆಚೆ ಬಿಳಿ ನೊರೆ, ನೊರೆಯ ಆಚೆ ಇನ್ನೂ ನಾಲ್ಕು ಈಜುರೆಕ್ಕೆಗಳು. ಅವುಗಳ ನಡುವೆ ಏನೋ ಬೆಳ್ಳಗೆ ಮಿಂಚಿ ಮಾಯವಾಗುತ್ತದೆ. ತಿರುಪತಿಯಲ್ಲಾದರೆ ‘ಜರಗಂಡಿ, ಜರಗಂಡಿ’ ಎಂದು ತಳ್ಳುವವನಿಗಾದರೂ ಬೈಯಬಹುದು. ಇಲ್ಲಿ ತಳ್ಳಿದ್ದು ಡಾಲ್ಫಿನ್ನೋ ಜರ್ಮನ್ನನೋ ಎಂದೂ ಗೊತ್ತಾಗುವುದಿಲ್ಲ. ನೊರೆ ಕರಗುವಾಗ ಮೀನಿಲ್ಲ. ಬರೀ ಹುರುಪೆಗಳು, ಕಾಸಿನಗಲ ಇರದವು, ನೀಲಿ ನೀರಿನಲ್ಲಿ ಮಿನುಗುತ್ತ ನಿಧಾನ ಕೆಳಗಿಳಿಯುತ್ತಿವೆ.

‘ಮುಗೀತಾ?’ ಎಂದು ಯಜಮಾನರು ಕೇಳುತ್ತಾರೆ. ಗೈಡ್ ಹೆಬ್ಬೆರಳು ಎತ್ತಿ ತೋರಿಸುತ್ತಾನೆ. ಅದರರ್ಥ ದೋಣಿ ಹತ್ತಿ ಎಂದು. ಯಜಮಾನರು ತಾವೂ ಹೆಬ್ಬೆರಳು ಎತ್ತಿ ‘ಸೂಪರ್’ ಎನ್ನುತ್ತಾರೆ. ಹತ್ತು ನಿಮಿಷದ ನರಮೇಧ, ಕ್ಷಮಿಸಿ, ಮೀನಮೇಧ, ಗೋಪ್ರೊದಲ್ಲಿ ಭದ್ರವಾಗಿದೆ. ರಾತ್ರಿ ನೋಡಿದರೆ ಅದರಲ್ಲಿರುವುದೂ ಜರ್ಮನ್ನನೇ. ಅದೂ ಸಿಗದ ದಿನಗಳಿಗೆ ಬದಲಿ ವ್ಯವಸ್ಥೆ ಇದೆ. ಅಂಟಾರ್ಕ್ಟಿಕಾದ ಕಡೆಯಿಂದ ಮೊಝಾಂಬಿಕ್ ಕಡೆಗೆ ಮರಿ ಹಾಕಲು ಹೊರಟ ಹಂಪ್‌ಬ್ಯಾಕ್ ತಿಮಿಂಗಿಲಗಳು ಇದೇ ತಿಂಗಳುಗಳಲ್ಲಿ ಇದೇ ದಾರಿಯಲ್ಲಿ ಹಾಯುತ್ತವೆ. ಹೆರಿಗೆಗೆ ಹೊರಟವರನ್ನು ದಾರಿಯಲ್ಲಿ ತೋರಿಸಿ ‘ಇದೂ ಪ್ಯಾಕೇಜಿನಲ್ಲಿ ಸೇರಿದೆ’ ಎನ್ನುತ್ತಾರೆ.

ಇಷ್ಟಾದರೂ ಒಂದು ಸಮಾಧಾನವಿತ್ತು: ನಾವು ನೋಡಿದ್ದು ಸೃಷ್ಟಿಯ ಮಹಾ ಯೋಜನೆ, ಪ್ರತಿ ಮೀನೂ ಸಂತಾನದ ಏಳಿಗೆಗಾಗಿ ಪ್ರಾಣ ಒತ್ತೆ ಇಟ್ಟು ಹೊರಟ ವೀರಯಾತ್ರೆ, ಇತ್ಯಾದಿ. 2021ರಲ್ಲಿ ವಿಜ್ಞಾನಿಗಳು ಅದಕ್ಕೂ ಕಲ್ಲು ಹಾಕಿದರು. ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಈ ಮೀನುಗಳ ವಂಶವಾಹಿ ಪರೀಕ್ಷಿಸಿತು. ಯಾತ್ರೆ ಹೊರಡುವವು ಹೆಚ್ಚಾಗಿ ಅಟ್ಲಾಂಟಿಕ್ ಕಡೆಯ, ತಣ್ಣೀರಿಗೆ ಒಗ್ಗಿದ ವಂಶದವು. ಆಗ್ನೇಯ ಕರಾವಳಿಯಲ್ಲಿ ಆಳದ ತಣ್ಣೀರು ಮೇಲಕ್ಕೆ ಉಕ್ಕಿದಾಗ ಇವು ‘ಆಹಾ, ನಮ್ಮೂರಿನ ಹವೆ’ ಎಂದು ನುಗ್ಗುತ್ತವೆ. ಉಕ್ಕುವುದು ನಿಂತಾಗ ಹಿಂದೂ ಮಹಾಸಾಗರದ ಬೆಚ್ಚನೆ ನೀರಿನಲ್ಲಿ ಸಿಕ್ಕಿಬಿದ್ದಿರುತ್ತವೆ. ಒಂದು ಕಡೆ ಸೆಕೆ, ಎಲ್ಲ ಕಡೆ ಶಾರ್ಕ್. ಇದರಿಂದ ಆ ಮೀನಿಗೆ ಲಾಭವೇನೂ ಇಲ್ಲ, ಇದೊಂದು ಪರಿಸರದ ಬೋನು ಎಂಬುದು ಸಂಶೋಧಕರ ತೀರ್ಮಾನ. ಹಿಮಯುಗದಲ್ಲಿ ಆ ಕಡಲು ತಣ್ಣಗಿದ್ದಾಗ ಮೊಟ್ಟೆಯಿಡಲು ಹೋಗುತ್ತಿದ್ದ ಚಾಳಿ ಈಗಲೂ ಉಳಿದಿರಬಹುದು ಎಂದೂ ಅವರು ಊಹಿಸುತ್ತಾರೆ. ಒಟ್ಟು ಸಂತತಿಯಲ್ಲಿ ಹೀಗೆ ಹೊರಡುವವು ಸಣ್ಣ ಪಾಲು. ವಿವೇಕಿಗಳಾದ ಬಹುಪಾಲು ಸಾರ್ಡೀನ್‌ಗಳು ಮನೆಯಲ್ಲೇ ಇರುತ್ತವೆ.

ಅಂದರೆ, ಯಾಕೆ ಹೊರಟೆವು ಎಂದು ಗೊತ್ತಿಲ್ಲದೆ, ಮುಂದಿನವನು ಹೋದ ಎಂದು ಹಿಂದಿನವನೂ ಹೋಗಿ, ಹವೆ ಚೆನ್ನಾಗಿದೆ ಎಂದು ನಂಬಿ, ದೂರದ ಕಡಲಿನಲ್ಲಿ ಏದುಸಿರು ಬಿಡುವುದು. ಇದನ್ನು ನೋಡಲು ಬಂದವರಿಗೆ ಇದು ಬಹಳ ಪರಿಚಿತ ಎನ್ನಿಸಬೇಕಿತ್ತು. ಎನ್ನಿಸುವುದಿಲ್ಲ. ಮೀನಿನ ಹಿಂಡಿಗೂ ನಮಗೂ ಇರುವ ವ್ಯತ್ಯಾಸ ಒಂದೇ: ಮೀನು ಇದಕ್ಕೆ ಕಂತಿನಲ್ಲಿ ಸಾಲ ಮಾಡಿರುವುದಿಲ್ಲ.

ಉತ್ತರಕ್ಕೆ ಡರ್ಬನ್ ಆಸುಪಾಸಿನಲ್ಲಿ ಇದೇ ಮೀನಿಗೆ ಬೇರೆಯೇ ಮರ್ಯಾದೆ. ಹಿಂಡು ದಡಕ್ಕೆ ಹತ್ತಿರವಾದಾಗ ಊರಿಗೆ ಊರೇ ನೀರಿಗಿಳಿಯುತ್ತದೆ. ಬಕೆಟ್ಟು, ಚೀಲ, ಟೋಪಿ, ಲಂಗದ ಮಡಿಲು, ಕೈಗೆ ಸಿಕ್ಕಿದ್ದರಲ್ಲಿ ಮೀನು ಬಾಚುತ್ತದೆ. ನಮ್ಮ ಕರಾವಳಿಯ ರಂಪಣಿಯಂಥ ದಡದ ಬಲೆ ಎಳೆಯುವವರಲ್ಲಿ, 1860ರಿಂದ ನಟಾಲ್‌ಗೆ ಕೂಲಿಗಳಾಗಿ ಹೋದ ಭಾರತೀಯರ ವಂಶದವರೂ ಇದ್ದಾರೆ. ಡರ್ಬನ್ ಕಡಲಿನಲ್ಲಿ ಈಜುವವರ ರಕ್ಷಣೆಗೆ 1952ರಿಂದ ಶಾರ್ಕ್ ಬಲೆಗಳಿವೆ. ಸಾರ್ಡೀನ್ ಬರುವಾಗ ಅವುಗಳನ್ನು ಮೇಲಕ್ಕೆತ್ತುತ್ತಾರೆ, ಇಲ್ಲದಿದ್ದರೆ ಬೆನ್ನಟ್ಟಿ ಬರುವ ಶಾರ್ಕ್, ಡಾಲ್ಫಿನ್‌ಗಳು ಸಿಕ್ಕಿ ಸಾಯುತ್ತವೆ. ಬಲೆ ಇಲ್ಲದ ಕಡೆ ಈಜು ನಿಷೇಧ. ಇತ್ತ ಶಾರ್ಕ್ ಇದೆ ಎಂದು ಜನರನ್ನು ನೀರಿನಿಂದ ಎಬ್ಬಿಸುವಾಗ, ದಕ್ಷಿಣಕ್ಕೆ ವೈಲ್ಡ್ ಕೋಸ್ಟಿನಲ್ಲಿ ಶಾರ್ಕ್ ಇದೆ ಎಂದೇ ಜನರನ್ನು ನೀರಿಗೆ ದೂಡುತ್ತಾರೆ.

ಡರ್ಬನ್ನಿನ ಹೆಂಗಸು ಮಡಿಲಲ್ಲಿ ಮೀನು ತುಂಬಿಕೊಂಡರೆ ಪತ್ರಿಕೆಗಳು ಅದನ್ನು ಸಾರ್ಡೀನ್ ಜ್ವರ ಎನ್ನುತ್ತವೆ. ವಿಮಾನದಲ್ಲಿ ಬಂದವರು ಮೆಮೊರಿ ಕಾರ್ಡಿನಲ್ಲಿ ತುಂಬಿಕೊಂಡರೆ ಅದಕ್ಕೆ ಪರಿಸರ ಪ್ರಜ್ಞೆ ಎಂದು ಹೆಸರು. ಆಕೆಗೆ ಅದು ಎರಡು ಹೊತ್ತಿನ ಸಾರು. ಇವರಿಗೆ ಎರಡು ವಿಮಾನ ಬದಲಿಸಿ ಬಂದ ಆತ್ಮಜ್ಞಾನ. ತಿನ್ನಲು ಹಿಡಿದರೆ ದುರಾಸೆ, ತೋರಿಸಲು ಹಿಡಿದರೆ ಸಂರಕ್ಷಣೆ. ಆ ವಿಮಾನಗಳ ಹೊಗೆಗೂ ಕಡಲಿನ ಕಾವಿಗೂ ಸಂಬಂಧವಿದೆ ಎಂದು ದೋಣಿಯಲ್ಲಿ ಯಾರಾದರೂ ಹೇಳಿದರೆ, ಪಾಪ, ಅವರನ್ನು ಮೊದಲು ನೀರಿಗೆ ಇಳಿಸುತ್ತಾರೆ. 1946ರಿಂದ 2012ರವರೆಗಿನ ಪತ್ರಿಕಾ ವರದಿಗಳನ್ನು ಗುಡ್ಡೆ ಹಾಕಿ ಲೆಕ್ಕ ಹಾಕಿದ ಸಂಶೋಧಕರು, ಡರ್ಬನ್‌ಗೆ ಸಾರ್ಡೀನ್ ಬರುವ ದಿನ ದಶಕದಿಂದ ದಶಕಕ್ಕೆ ಹಿಂದೆ ಬೀಳುತ್ತಿದೆ ಎಂದು ಕಂಡುಕೊಂಡಿದ್ದಾರೆ. ತಣ್ಣೀರು ತಡವಾದರೆ ಮೀನೂ ತಡ. ಅದಕ್ಕೂ ಮಾರುಕಟ್ಟೆಯ ಬಳಿ ಉತ್ತರವಿದೆ: ‘ಕಣ್ಮರೆಯಾಗುವ ಮುನ್ನ ನೋಡಿಬಿಡಿ.’ ನೋಡಲು ಹೋಗಿ ಹೋಗಿಯೇ ಕಣ್ಮರೆ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಸಿಗಲಾರದು.

ನಮ್ಮ ಕಡಲಿಗೆ ಬಂದರೆ, ಇದೇ ಜೂನ್, ಜುಲೈಯಲ್ಲಿ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ 61 ದಿನಗಳ ರಜೆ. ಮೀನು ನೆಮ್ಮದಿಯಾಗಿ ಮರಿ ಮಾಡಿಕೊಳ್ಳಲಿ ಎಂದು ಬೋಟುಗಳು ಮಂಗಳೂರಿನ ದಕ್ಕೆಯಲ್ಲಿ, ಮಲ್ಪೆಯಲ್ಲಿ ಸಾಲಾಗಿ ನಿಂತಿರುತ್ತವೆ. ಮೀನನ್ನು ಗೌರವಿಸುವುದೆಂದರೆ ಕೆಲವು ಕಾಲ ಅದರ ತಂಟೆಗೆ ಹೋಗದಿರುವುದು ಎಂದು ಮೀನು ತಿನ್ನುವವರು ಒಪ್ಪಿಕೊಂಡಿದ್ದಾರೆ. ಮೀನು ನೋಡುವವರಿಗೆ ಅಂಥ ರಜೆ ಇಲ್ಲ. ನಮ್ಮ ದಂಪತಿ ಒಮ್ಮೆ ಆ ದಕ್ಕೆಗೂ ಹೋಗಿದ್ದವರೇ. ಬುಟ್ಟಿ ತುಂಬ ಬೂತಾಯಿ ಹೊತ್ತ ಹೆಂಗಸು ‘ದಾರಿ ಬಿಡಿ ಅಣ್ಣಾ’ ಎಂದಾಗ ಕರವಸ್ತ್ರದಿಂದ ಮೂಗು ಮುಚ್ಚಿ, ಕಾರಿನ ಗಾಜು ಏರಿಸಿದ್ದರು. ಅದರ ದಾಯಾದಿ ಮೀನಿನ ವಾಸನೆಗೆ ಪೋರ್ಟ್ ಸೇಂಟ್ ಜಾನ್ಸಿನಲ್ಲಿ ‘ಕಡಲಿನ ಉಸಿರು’ ಎಂದು ಹೆಸರು.

ಹೋಗಬೇಡಿ ಎನ್ನಲು ನಾನ್ಯಾರು? ದುಡ್ಡು ನಿಮ್ಮದು, ವಾಂತಿ ನಿಮ್ಮದು. ಸುಮ್ಮನೆ ಹೋಗಿ, ತೆಪ್ಪಗೆ ತೇಲಿ, ಡಾಲ್ಫಿನ್‌ಗಳ ಊಟಕ್ಕೆ ಅಡ್ಡ ಬರದೆ ದೋಣಿ ಹತ್ತಿ ಬನ್ನಿ. ಬಂದ ಮೇಲೆ ಮಾತ್ರ ದಯವಿಟ್ಟು ‘ಪ್ರಕೃತಿಯೊಂದಿಗೆ ಒಂದಾಗಿಬಿಟ್ಟೆ’ ಎಂದು ಫೋಟೊ ಕೆಳಗೆ ಬರೆಯಬೇಡಿ. ನಿಜವಾಗಿ ಒಂದಾದವರು ಗ್ಯಾನೆಟ್ ಹಕ್ಕಿಯ ಹೊಟ್ಟೆಯಲ್ಲಿದ್ದಾರೆ.