ಮಿತಭಾಷಿಯ ಸಹವಾಸ

ಅರವತ್ತು ದಾಟಿದ ಗೃಹಸ್ಥನು ಹೊಸದಾಗಿ ಕೈಗೊಳ್ಳತಕ್ಕ ವಿದ್ಯೆಗಳ ವಿಷಯದಲ್ಲಿ ನಮ್ಮ ಸಮಾಜಕ್ಕೆ ಕೆಲವು ನಿಶ್ಚಿತಾಭಿಪ್ರಾಯಗಳುಂಟು. ಆತನು ಸಹಸ್ರನಾಮವನ್ನು ಬಾಯಿಪಾಠ ಮಾಡಬಹುದು. ಹಿತ್ತಲಲ್ಲಿ ಬದನೆಯ ಸಸಿ ನೆಟ್ಟು, ಅದಕ್ಕೆ ಹತ್ತಿದ ಹುಳುವನ್ನು ಕುರಿತು ನೆರೆಹೊರೆಯವರೊಡನೆ ಚರ್ಚಿಸಬಹುದು. ತೀರ ಉತ್ಸಾಹಿಯಾದರೆ ಹೋಮಿಯೋಪತಿಯನ್ನು ವ್ಯಾಸಂಗ ಮಾಡಿ ಬಂಧುಗಳ ಮೇಲೆ ಪ್ರಯೋಗಿಸಲೂಬಹುದು. ಆದರೆ ಕಪ್ಪು ಪರದೆಯೊಂದರ ಮುಂದೆ ಕುಳಿತು ಯೂನಿಕ್ಸ್ ಕಲಿಯುತ್ತಾನೆಂದರೆ ಮನೆಮಂದಿ ಮುಖ ಮುಖ ನೋಡಿಕೊಳ್ಳುತ್ತಾರೆ. ನನ್ನ ಹಳೆಯ ಲ್ಯಾಪ್‌ಟಾಪು ಹೊಸ ತಂತ್ರಾಂಶಗಳ ಭಾರವನ್ನು ಹೊರಲಾರದೆ ಏದುಸಿರು ಬಿಡುತ್ತಿದ್ದುದನ್ನು ಕಂಡು, ಬೆಂಗಳೂರಿನಲ್ಲಿ ಇದೇ ಕಸುಬಿನಲ್ಲಿರುವ ನನ್ನ ಸೋದರಳಿಯನು ಅದಕ್ಕೆ ಲಿನಕ್ಸ್ ಹಾಕಿಕೊಟ್ಟು, “ಇದೂ ಯೂನಿಕ್ಸ್ ಜಾತಿಯದೇ ಮಾವ. ಮೌಸ್ ಬಿಟ್ಟು ಕಮಾಂಡ್ ಕಲೀರಿ, ಮಜಾ ಇದೆ” ಎಂದು ಹೇಳಿ ಬಸ್ಸು ಹತ್ತಿದುದೇ ಈ ವ್ಯಾಸಂಗಕ್ಕೆ ಮೂಲ.

ಮಜವೇನೋ ಇದೆ. ಆದರೆ ಹೊಸಬನನ್ನು ಮೊದಲು ಕಂಗೆಡಿಸುವುದು ಅದರ ಮೌನ. ಕಡತವೊಂದಕ್ಕೆ ಪ್ರತಿ ತೆಗೆಯೆಂದು ‘ಸಿಪಿ’ ಎಂಬೆರಡಕ್ಷರವನ್ನೂ ಕಡತದ ಹಳೆಯ ಹೊಸ ಹೆಸರುಗಳನ್ನೂ ಒತ್ತಿ ಎಂಟರ್ ಕೊಟ್ಟರೆ, ಆಯಿತೆಂಬ ಮಾತಿಲ್ಲ, ಆಗುತ್ತಿದೆಯೆಂಬ ಸೂಚನೆಯಿಲ್ಲ. ಡಾಲರ್ ಚಿಹ್ನೆಯೊಂದನ್ನು ಮುಂದಿಟ್ಟುಕೊಂಡು ಮುಂದಿನ ಅಪ್ಪಣೆಗಾಗಿ ಕಾದು ನಿಲ್ಲುತ್ತದೆ. ಸಂತೆಗೆ ಹೋದವನು ಹೋಗಿಬಂದ ವೃತ್ತಾಂತವನ್ನು ನಾಲ್ವರಿಗೆ ಹೇಳಿದ ಹೊರತು ಚೀಲ ಕೆಳಗಿಡದಂಥ ಊರಿನಲ್ಲಿ ಬೆಳೆದ ನನಗೆ ಇದು ಅವಿನಯವೆಂದೇ ತೋರಿತು. ಅಳಿಯನಿಗೆ ಫೋನು ಮಾಡಿದೆ.

“ಏನೂ ಹೇಳಲಿಲ್ಲ ಅಂದ್ರೆ ಕೆಲಸ ಆಗಿದೆ ಅಂತ ಮಾವ. ತಪ್ಪಾದ್ರೆ ಮಾತ್ರ ಹೇಳುತ್ತೆ.”

“ಆಯ್ತು ಅಂತ ಒಂದು ಮಾತು ಹೇಳಿದ್ರೆ ಅದರ ಗಂಟೇನಯ್ಯಾ ಹೋಗುತ್ತೆ?”

“ಕೇಳಿಸಿಕೊಳ್ಳೋರು ಯಾರು ಅಂತ ಅದಕ್ಕೆ ಗೊತ್ತಿರಲ್ವಲ್ಲ!”

ಈ ಉತ್ತರದ ಅಭಿಪ್ರಾಯ ತಿಳಿಯಬೇಕಾದರೆ ವಂಶಚರಿತ್ರೆಯನ್ನು ಕೊಂಚ ಕೆದಕಬೇಕು. ಯೂನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಮರೇ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದರ ಜನಕರು. ಆ ಕಾಲದಲ್ಲಿ ಅವರ ಬಳಕೆಯಲ್ಲಿದ್ದ ಟೆಲಿಟೈಪ್ ಎಂಬುದು ಕಾಗದದ ಸುರುಳಿಯ ಮೇಲೆ ಸೆಕೆಂಡಿಗೆ 10 ಅಕ್ಷರದಂತೆ ಕುಟ್ಟುತ್ತಿದ್ದ ಯಂತ್ರ. “ತಮ್ಮ ಕಡತವನ್ನು ಯಥಾವತ್ತಾಗಿ ನಕಲು ಮಾಡಲಾಗಿದೆಯೆಂದು ತಿಳಿಸಲು ಹರ್ಷಿಸುತ್ತೇವೆ” ಎಂಬಂಥ ಕಚೇರಿಯ ಸೌಜನ್ಯವನ್ನು ಅದು ಪ್ರದರ್ಶಿಸಹೊರಟರೆ, ಅದು ಮುಗಿಯುವ ತನಕ ಆಸಾಮಿ ಕೈಕಟ್ಟಿ ಕುಳಿತಿರಬೇಕಾಗುತ್ತಿತ್ತು. ಆದ್ದರಿಂದ ಆಡುವ ಮಾತೂ ಕಡಮೆ, ಆಜ್ಞೆಗಳೂ ಎರಡೆರಡೇ ಅಕ್ಷರ. ಈ ಮಿತವ್ಯಯ ಯಾವ ಮಟ್ಟಕ್ಕೆ ಮುಟ್ಟಿತೆಂದರೆ, ಹೊಸ ಕಡತವನ್ನು ಸೃಷ್ಟಿಸುವ ‘ಕ್ರಿಯೇಟ್’ ಎಂಬುದರ ಕಡೆಯ ‘ಇ’ ಅಕ್ಷರವನ್ನೂ ಕಿತ್ತುಹಾಕಿದ್ದರು. ಯೂನಿಕ್ಸನ್ನು ಮತ್ತೊಮ್ಮೆ ರಚಿಸುವುದಾದರೆ ಏನನ್ನು ಬದಲಿಸುವಿರಿ ಎಂದು ಮುಂದೊಮ್ಮೆ ಕೇಳಿದಾಗ, ಥಾಂಪ್ಸನ್ನರು ಆ ‘ಇ’ಯನ್ನು ಸೇರಿಸುವೆನೆಂದರಂತೆ. ಎಂಥ ಪಶ್ಚಾತ್ತಾಪ!

ಅಳಿಯನ ಮಾತಿನ ತಿರುಳು ಇರುವುದು ಮಾತ್ರ 1973ರಲ್ಲಿ ಬಂದ ‘ಪೈಪ್’ ಎಂಬ ಏರ್ಪಾಡಿನಲ್ಲಿ. ಡಗ್ ಮೆಕಿಲ್‌ರಾಯ್ ಎಂಬವರು ಬಹುಕಾಲ ಪ್ರತಿಪಾದಿಸುತ್ತ ಬಂದಿದ್ದ ಈ ಏರ್ಪಾಡಿನಲ್ಲಿ ಒಂದು ಪ್ರೋಗ್ರಾಮಿನ ಬಾಯಿಂದ ಬಂದುದು ನೇರವಾಗಿ ಇನ್ನೊಂದರ ಬಾಯಿಗೆ ಹೋಗುತ್ತದೆ. ‘ಎಲ್‌ಎಸ್’ ಕಡತಗಳ ಹೆಸರನ್ನು ಸಾಲಾಗಿ ಕೊಡುತ್ತದೆ. ನಡುವೆ ಒಂದು ನೆಟ್ಟನೆಯ ಗೀಟೆಳೆದರೆ ‘ಡಬ್ಲ್ಯೂಸಿ’ ಆ ಸಾಲುಗಳನ್ನು ಎಣಿಸುತ್ತದೆ. ಎಲ್‌ಎಸ್ ತನ್ನ ಪಟ್ಟಿಯ ತಲೆಯಲ್ಲಿ ‘ವಿವರಗಳು ಈ ಕೆಳಕಂಡಂತಿವೆ’ ಎಂಬ ಪೀಠಿಕೆಯನ್ನು ಹಾಕಿತೆನ್ನಿ: ಇಲ್ಲದ ಕಡತವೊಂದು ಲೆಕ್ಕಕ್ಕೆ ಸೇರಿಹೋಗುತ್ತದೆ. ಅಧ್ಯಕ್ಷರ ಪ್ರಾಸ್ತಾವಿಕ ನುಡಿಯೇ ಸಭೆಯನ್ನು ನುಂಗಿಹಾಕುವುದನ್ನು ಹಲವು ಬಾರಿ ಕಂಡಿರುವ ನನಗೆ, ಈ ಮೌನ ಅಂದಿನಿಂದ ಅವಿನಯವಾಗಿ ತೋರದೆ, ಪರೋಪಕಾರವಾಗಿ ತೋರತೊಡಗಿತು.

ಮಿತಭಾಷಿ ಬಾಯ್ದೆರೆಯುವ ಸಂದರ್ಭವೂ ಇಲ್ಲದಿಲ್ಲ. ‘ಸುಡೋ’ ಎಂದು ಹೇಳಿ ಯಜಮಾನಿಕೆಯ ಅಧಿಕಾರವನ್ನು ಕೋರಿದಾಗ ಪಾಸ್‌ವರ್ಡ್ ಕೇಳುತ್ತದೆ. ಒತ್ತಿದ ಅಕ್ಷರ ಕಾಣುವುದಿರಲಿ, ಅದರ ಸ್ಥಾನದಲ್ಲಿ ಒಂದು ಚುಕ್ಕೆಯೂ ಬೀಳದಿರುವುದು ಸಾಮಾನ್ಯ. ಪಟ್ಟಿಯಲ್ಲಿ ಹೆಸರಿಲ್ಲದವನು ಈ ಅಧಿಕಾರವನ್ನು ಕೋರಿದರಂತೂ, ಪ್ರಸಂಗವನ್ನು ವರದಿ ಮಾಡಲಾಗುವುದೆಂಬ ಬೆದರಿಕೆ ಬಹುಕಾಲದಿಂದ ಬಂದ ಸಂಪ್ರದಾಯ. ಯಾರಿಗೆ ವರದಿ? ಯಂತ್ರದ ಯಜಮಾನನಿಗೆ. ಸ್ವಂತ ಮನೆಯ ಸ್ವಂತ ಯಂತ್ರದಲ್ಲಿ ಆರೋಪಿಯೂ ಅಧಿಕಾರಿಯೂ ಒಬ್ಬನೇ ಆಗಿರುವುದರಿಂದ, ವಿಚಾರಣೆ ಬಹುಮಟ್ಟಿಗೆ ಸೌಹಾರ್ದಪೂರ್ಣವಾಗಿಯೇ ನಡೆಯುತ್ತದೆ.

ಇನ್ನು ಇದರ ಸಂಸಾರ. ನಡೆಯುತ್ತಿರುವ ಒಂದೊಂದು ಪ್ರೋಗ್ರಾಮಿಗೂ ತಂದೆಯುಂಟು, ಮಕ್ಕಳುಂಟು. ತಂದೆ ಮೊದಲೇ ತೀರಿಕೊಂಡರೆ ಅನಾಥವಾದ ಮಗುವನ್ನು ಸಾಮಾನ್ಯವಾಗಿ ಒಂದನೆಯ ಸಂಖ್ಯೆಯ ಹಿರಿಯನು ದತ್ತು ತೆಗೆದುಕೊಳ್ಳುತ್ತಾನೆ. ಮಗನೇ ಮೊದಲು ಹೋದನೆನ್ನಿ: ಅವನು ಹೇಗೆ ಹೋದನೆಂದು ತಂದೆ ವಿಚಾರಿಸಿಕೊಳ್ಳುವ ತನಕ ಅವನ ಹೆಸರು ಪಟ್ಟಿಯಿಂದ ಅಳಿಯುವಂತಿಲ್ಲ, ‘ಝೋಂಬಿ’ ಎನಿಸಿಕೊಂಡು, ಉಣ್ಣದೆ ಉಡದೆ, ಪ್ರೇತರೂಪದಲ್ಲಿ ನಿಂತಿರುತ್ತಾನೆ. ಅಂಥದೊಂದು ನನ್ನ ಪಟ್ಟಿಯಲ್ಲಿಯೂ ಕಾಣಿಸಿಕೊಂಡಿತು. ‘ಕಿಲ್’ ಎಂದರೂ ಜಗ್ಗದು. ಸತ್ತವನನ್ನು ಕೊಲ್ಲುವುದು ಹೇಗೆ? ಅಳಿಯನಿಗೆ ಮತ್ತೆ ಫೋನು. ಕೈ ಕೀಲಿಮಣೆಯ ಮೇಲಿದ್ದುದರಿಂದ ಸ್ಪೀಕರ್ ಹಾಕಿದ್ದೆ.

“ಮಗನನ್ನ ಬಿಟ್ಟುಬಿಡಿ ಮಾವ, ಅವನು ಸತ್ತಾಗಿದೆ. ಅಪ್ಪನನ್ನ ಕೊಂದುಬಿಡಿ, ಆಮೇಲೆ ಇವನು ತಾನಾಗಿ ಹೋಗ್ತಾನೆ.”

ಒಗ್ಗರಣೆಯ ಸೌಟನ್ನು ಕೈಯಲ್ಲಿ ಹಿಡಿದ ಹಾಗೆಯೇ ನನ್ನಾಕೆ ಅಡಿಗೆಮನೆಯಿಂದ ಹೊರಗೆ ಬಂದಳು. “ಯಾರ ಮನೆ ವಿಷಯಾರೀ ಅದು?”

ನಾನು ವಿವರಿಸಿದೆ. ಅವಳು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಸಂಜೆ ಹೊತ್ತು ಇಂಥ ಮಾತು ಆಡಬೇಡಿ” ಎಂದು ಹೇಳಿ ಒಳಗೆ ಹೋದಳು. ತಂದೆಯನ್ನು ಮಾರನೆಯ ಬೆಳಗ್ಗೆ ಕೊಂದೆ.

ಕೊನೆಗೆ ನಮ್ಮ ನುಡಿಗೆ ಸಂಬಂಧಿಸಿದ ಒಂದು ಸಂಗತಿ. ನಾನು ಬರೆದ ಪತ್ರಗಳೆಲ್ಲದರ ತಲೆಯ ಮೇಲೂ ಶ್ರೀಕಾರ ಇದ್ದೇ ಇರುತ್ತದೆ. ಅದರ ತೂಕವೆಷ್ಟೆಂದು ನೋಡುವ ಚಪಲದಿಂದ, ‘ಶ್ರೀ’ ಎಂದಷ್ಟೇ ಒತ್ತಿ, ಬೈಟುಗಳನ್ನೆಣಿಸೆಂದು ಡಬ್ಲ್ಯೂಸಿಗೆ ಕೊಟ್ಟೆ. ಸಾಲಿನ ಅಂತ್ಯದ್ದೊಂದು ಸೇರಿ 13 ಎಂದಿತು. ಶಕಾರ, ವಿರಾಮಚಿಹ್ನೆ, ರೇಫ, ದೀರ್ಘದ ಚಿಹ್ನೆ ಎಂದು ನಾಲ್ಕು. ಒಂದೊಂದಕ್ಕೆ ಮೂರರಂತೆ 12. ಈ ಲೆಕ್ಕದ ಪದ್ಧತಿಗೆ ಯುಟಿಎಫ್-8 ಎಂದು ಹೆಸರು. 1992ರಲ್ಲಿ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ, ರಾಬ್ ಪೈಕ್ ಎದುರಿಗೆ ಕುಳಿತಿದ್ದಂತೆ, ತಟ್ಟೆಯಡಿಯ ಕಾಗದದ ಮೇಲೆ ಇದನ್ನು ರೂಪಿಸಿದವರು ಮತ್ತಾರೂ ಅಲ್ಲ, ಅದೇ ಕೆನ್ ಥಾಂಪ್ಸನ್ನರು. ತಮ್ಮ ಭಾಷೆಯ ಒಂದು ‘ಇ’ಗೆ ಎಡೆಯಿಲ್ಲವೆಂದ ಮಹನೀಯರು ನಮ್ಮ ಶ್ರೀಕಾರಕ್ಕೆ ಹನ್ನೆರಡು ಬೈಟುಗಳ ಮಣೆ ಹಾಕಿಸಿದ್ದಾರೆಂದು ನಾನು ಹಿಗ್ಗಿ ಹೇಳಿದರೆ, ಅಳಿಯನು, “ಇಂಗ್ಲಿಷಲ್ಲಿ ಬರೆದ್ರೆ ಮೂರೇ ಬೈಟು ಮಾವ, ಉಳಿತಾಯ” ಎಂದನು. ಯೂನಿಕ್ಸ್ ಬಲ್ಲವನೆದುರಿಗೆ ಸುಮ್ಮನಿದ್ದರೆ ಒಪ್ಪಿಗೆಯೆಂದಾದೀತೆಂದು ಹೆದರಿ, ಬಾಯಿಬಿಟ್ಟು, ಗಟ್ಟಿಯಾಗಿ, “ಬೇಡ” ಎಂದೆ.