ನಿಜಾಮ ಇನ್ನೂ ಟಿಕೆಟ್ ಹರಿಯುತ್ತಿದ್ದಾನೆ

ನಿಜಾಮನ ಆಳ್ವಿಕೆ 1948ರ ಸೆಪ್ಟೆಂಬರ್ 17ಕ್ಕೆ ಮುಗಿಯಿತೆಂದು ನಾವು ವರ್ಷಾವರ್ಷ ಧ್ವಜ ಹಾರಿಸುತ್ತೇವೆ. ಸಿನಿಮಾ ಹಂಚಿಕೆದಾರರಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಹಿಂದಿ ಸಿನಿಮಾ ವ್ಯಾಪಾರದ ನಕಾಶೆ ತೆಗೆದು ನೋಡಿ: ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಇವತ್ತಿಗೂ ‘ನಿಜಾಮ್’ ಏರಿಯಾ. ಬೆಂಗಳೂರಿನ ಕಡೆಯದು ‘ಮೈಸೂರು’. ಧಾರವಾಡ, ಬೆಳಗಾವಿ ‘ಬಾಂಬೆ’ಗೆ ಸೇರಿದ್ದು. 1956ರಲ್ಲಿ ಒಂದಾದ ಕರ್ನಾಟಕವನ್ನು ಈ ವ್ಯಾಪಾರಿಗಳು ಶುಕ್ರವಾರಕ್ಕೊಮ್ಮೆ ಮೂರು ಹೋಳು ಮಾಡುತ್ತಾರೆ, ಭಾನುವಾರ ರಾತ್ರಿ ಕಲೆಕ್ಷನ್ ಎಣಿಸುತ್ತಾರೆ. ಗಡಿ ಹೋರಾಟಗಾರರು ಒಬ್ಬರೂ ಇದರ ವಿರುದ್ಧ ಟೈರಿಗೆ ಬೆಂಕಿ ಹಚ್ಚಿದ್ದು ನಾನು ಕಾಣೆ.

ಯಾದಗಿರಿ ಜಿಲ್ಲೆಯ ಶಹಾಪುರದ ಚಾದಂಗಡಿಯಲ್ಲಿ ಈ ವಿಷಯ ಎತ್ತಿದೆ. ಬೀಡಿ ಆರಿಸಿ ಕಾಕಾ ಒಬ್ಬರು ಅಂದರು: “ತಪ್ಪೇನದ ತಮ್ಮಾ? ಹೈದರಾಬಾದ್‌ಕಿಂತ ಬೆಂಗಳೂರು ಎರಡು ಪಟ್ಟು ದೂರ ಅದ. ನಿಜಾಮ ಕರೆದ್ರ ಮುಂಜಾನೆ ಹೋಗಿ ಸಂಜಿಗಿ ಬರಬಹುದು. ವಿಧಾನಸೌಧದವ್ರು ಕರೆದ್ರ ಬುತ್ತಿ ಕಟ್ಗೊಂಡು ಹೋಗಬೇಕು.”

ನಮ್ಮ ಕಡೆ ತೆಲುಗು ಹೀರೊ ಬಂದರೆ ಟಾಕೀಸಿನ ಮುಂದೆ ಹಾಲು, ಹೂವು, ಪಟಾಕಿ. ಕನ್ನಡ ಪ್ರೇಮ ಕಡಿಮೆಯಾಗಿ ಅಲ್ಲ. ತೆಲುಗು ಹೀರೊ ನಮಗೆ ಅರ್ಥವಾಗದ ಭಾಷೆಯಲ್ಲಿ ನಮ್ಮನ್ನು ರಂಜಿಸುತ್ತಾನೆ, ಬೆಂಗಳೂರಿನ ಗಾಂಧಿನಗರದ ಸಿನಿಮಾದವರು ನಮ್ಮದೇ ಭಾಷೆಯಲ್ಲಿ ನಮ್ಮನ್ನು ನಗೆಪಾಟಲು ಮಾಡುತ್ತಾರೆ. ಕನ್ನಡ ಸಿನಿಮಾದಲ್ಲಿ ‘ಏನ್ರೀ, ಹೌದ್ರೀ’ ಎನ್ನುವವನು ಬಂದನೆಂದರೆ ಅವನು ವಾಚ್‌ಮನ್, ಅಡುಗೆಯವನು, ಇಲ್ಲವೇ ಹೀರೊನ ಕೈಲಿ ಹೊಡೆತ ತಿನ್ನುವ ಗೌಡ. ಮಂಡ್ಯದ ಮಾತಿಗೆ ಹೀರೊ ಸಿಕ್ಕಿದ್ದಾನೆ. ಕುಂದಾಪುರದ ಮಾತಿಗೆ 2022ರಲ್ಲಿ ‘ಕಾಂತಾರ’ ಬಂದು ದೇಶವೇ ಕೈ ಮುಗಿಯಿತು. ನಮ್ಮ ಸುರಪುರದ ಮಾತಿಗೆ ಸಿಕ್ಕಿದ್ದು ಸೊಂಟಕ್ಕೆ ಕಟ್ಟಿದ ಟವೆಲ್ಲು. ಆ ಪಾತ್ರ ಆಡುವುದೂ ನಮ್ಮ ಮಾತಲ್ಲ. ಹುಬ್ಬಳ್ಳಿಯದನ್ನು ಅರ್ಧ ಬೇಯಿಸಿ ನಮ್ಮ ಬಾಯಿಗೆ ತುರುಕಿದ್ದು. ಬೀದರಿನಿಂದ ಹಾವೇರಿವರೆಗೆ ಎಲ್ಲರೂ ಒಂದೇ ಥರ ಮಾತಾಡುತ್ತಾರೆಂದು ನಂಬಿದ ನಿರ್ದೇಶಕನಿಗೆ ಯಾದಗಿರಿ ಎಲ್ಲಿದೆ ಅಂದರೆ ತೆಲಂಗಾಣದ ಕಡೆ ಕೈ ತೋರಿಸಿಯಾನು.

ಟಿಕೆಟಿನ ಲೆಕ್ಕದಲ್ಲೂ ಬೆಂಗಳೂರು ನಮಗೆ ದೂರವೇ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಸಿನಿಮಾ ಟಿಕೆಟಿಗೆ 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಟಿವಿಯಲ್ಲಿ ಬಿಸಿ ಬಿಸಿ ಚರ್ಚೆ ನೋಡಿ ನಮ್ಮ ಓಣಿಯ ಅಕ್ಕ ಕೇಳಿದರು: “ಇನ್ನೂರು ರೂಪಾಯಿಗಿ ಪಿಚ್ಚರ್ ಜೊತಿಗಿ ಊಟಾನೂ ಹಾಕ್ತಾರೇನ್ರಿ?”

ರಾಜಕೀಯ ನಮ್ಮಲ್ಲಿ ಸಿನಿಮಾಕ್ಕಿಂತ ಚೆನ್ನಾಗಿ ಓಡುತ್ತದೆ. ಸುರಪುರದ್ದು ಇಬ್ಬರು ಹೀರೊಗಳ ಚಿತ್ರ: 2008ರ ಚುನಾವಣೆಯಲ್ಲಿ ಗೆದ್ದವರು ರಾಜುಗೌಡ, 2013ರಲ್ಲಿ ರಾಜಾ ವೆಂಕಟಪ್ಪ ನಾಯಕ, 2018ರಲ್ಲಿ ರಾಜುಗೌಡ, 2023ರಲ್ಲಿ ಮತ್ತೆ ನಾಯಕರು. ಅವರು ತೀರಿಕೊಂಡ ಮೇಲೆ 2024ರ ಉಪಚುನಾವಣೆಯಲ್ಲಿ ಮಗ ಗೆದ್ದರು. ಶಹಾಪುರದಲ್ಲಿ ದರ್ಶನಾಪುರ ಮನೆ, ಶಿರವಾಳ ಮನೆ. ಮತದಾರರಿಗೆ ಆಯ್ಕೆಯ ಗೊಂದಲವಿಲ್ಲ, ಇಂಟರ್‌ವಲ್ ಮಾತ್ರ ಐದು ವರ್ಷದ್ದು.

ಅಭಿವೃದ್ಧಿಯನ್ನೂ ಅಲ್ಲಗಳೆಯಬಾರದು. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾದೆವು. ಓದು, ನೌಕರಿಯಲ್ಲಿ ನಮಗೆ ಮೀಸಲು ಕೊಡುವ 371ಜೆ ಸಂವಿಧಾನದಲ್ಲೇ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ಆಮೇಲೆ ಬಸ್ಸಿನ ಮೈಮೇಲಿನ ‘ಈಶಾನ್ಯ’ ಅಳಿಸಿ ‘ಕಲ್ಯಾಣ’ ಬರೆದರು. ಒಳಗಿನ ಸೀಟಿಗೆ ಈ ಸುದ್ದಿ ತಿಳಿಸುವುದು ಮರೆತರು. ಜಿಲ್ಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ 2024ರಲ್ಲಿ ಶೇ 50.59, ರಾಜ್ಯಕ್ಕೆ ಕೊನೆ. ದ್ವಿತೀಯ ಪಿಯುಸಿಯಲ್ಲಿ 2025ರಲ್ಲಿ ಶೇ 48.45, ಅಲ್ಲೂ ಕೊನೆ. ಬೆಂಗಳೂರಿನ ಚಾನೆಲ್ಲುಗಳು ಯಾದಗಿರಿಯ ಹೆಸರನ್ನು ಸರಿಯಾಗಿ ಉಚ್ಚರಿಸುವುದು ಫಲಿತಾಂಶದ ಆ ಒಂದು ದಿನ, ಉಡುಪಿಯ ಹೆಸರು ಹೇಳಿ ಮುಗಿಸಿದ ಮೇಲೆ. ಡಾಕ್ಟರ್ ಸೀಟು ನಮಗೆ ಮೀಸಲಿದೆ ಸ್ವಾಮಿ. ಆ ಸೀಟಿನವರೆಗೆ ಹುಡುಗನ ಕೈ ಹಿಡಿದು ಒಯ್ಯಬೇಕಾದ ಗಣಿತದ ಮೇಷ್ಟ್ರ ಕುರ್ಚಿ ಖಾಲಿ ಇದೆ.

ಆ ಹುಡುಗ ಕೊನೆಗೆ ಬೆಂಗಳೂರಿಗೆ ಹೋಗುವುದು ಗುಳೆ ಎದ್ದು. ತೊಗರಿ, ಹತ್ತಿ ಕೈಕೊಟ್ಟ ವರ್ಷ ಊರಲ್ಲಿ ಮುದುಕರು, ನಾಯಿಗಳು ಉಳಿಯುತ್ತಾರೆ. ಬೆಂಗಳೂರಿನ ಗಗನಚುಂಬಿಗಳಿಗೆ ಕಲ್ಲು, ಸಿಮೆಂಟು ಹೊತ್ತವರಲ್ಲಿ ನಮ್ಮವರು ಎಷ್ಟು ಜನ! ಅವರು ಕಟ್ಟಿದ ಅಪಾರ್ಟ್‌ಮೆಂಟಿನಲ್ಲಿ ಮನೆ ಹಿಡಿದವರು ಬಾಲ್ಕನಿಯಿಂದ ಕೆಳಗೆ ನೋಡಿ, ಈ ನೀಲಿ ತಾಡಪತ್ರಿಯ ಜೋಪಡಿಗಳಿಂದ ವ್ಯೂ ಹಾಳಾಯಿತು ಎನ್ನುತ್ತಾರೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶದವರು’ ಎಂದು ಕೂಗೆಬ್ಬಿಸಿ ಶೆಡ್ಡುಗಳ ಮೇಲೆ ಜೆಸಿಬಿ ಹಾಯಿಸಿದರು. ಆ ಶೆಡ್ಡುಗಳಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಕನ್ನಡಿಗನಿಗೆ ರಾಜಧಾನಿಯಲ್ಲೇ ವಿದೇಶಿ ಪೌರತ್ವ ಕೊಡಿಸಿದ ಈ ಸಾಧನೆ ರಾಜ್ಯೋತ್ಸವದ ಭಾಷಣಗಳಲ್ಲಿ ಯಾಕೆ ಬರುವುದಿಲ್ಲವೋ. ಹೈಕೋರ್ಟ್ ಮಧ್ಯೆ ಬಂದು ಸರ್ಕಾರಕ್ಕೆ ಛೀಮಾರಿ ಹಾಕಬೇಕಾಯಿತು.

ಗಾಂಧಿನಗರದವರು ‘ಕಥೆಯೇ ಸಿಗುತ್ತಿಲ್ಲ’ ಎಂದು ಅಳುತ್ತಿರುತ್ತಾರೆ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಬ್ರಿಟಿಷ್ ಅಧಿಕಾರಿ, ಕಾದಂಬರಿಕಾರ ಮೆಡೋಸ್ ಟೇಲರ್ ಇದ್ದ ಬಂಗಲೆ. ಸುರಪುರದ ಆಗಿನ ಎಳೆಯ ದೊರೆ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎನ್ನುತ್ತ ಬೆಳೆದ. ಇಪ್ಪತ್ನಾಲ್ಕನೇ ವರ್ಷ ದಾಟುವುದಿಲ್ಲ ಎಂದು ಹುಡುಗನ ಜಾತಕ ಹೇಳಿತ್ತಂತೆ. ಟೇಲರನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. 1858ರಲ್ಲಿ ದೊರೆ ಬ್ರಿಟಿಷರ ವಿರುದ್ಧ ಎದ್ದ, ಸೋತ, ಸಿಕ್ಕಿಬಿದ್ದ. ಸೆರೆಯಾಗಿ ಟೇಲರನ ಎದುರೇ ನಿಂತ. ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿಗೆ ಸತ್ತ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟರು, ಆ ಬಹುಮಾನವನ್ನೇ ಸಿನಿಮಾದವರು ಇನ್ನೂ ಭದ್ರವಾಗಿ ಕಾಯ್ದುಕೊಂಡಿದ್ದಾರೆ. ಅಪ್ಪ, ಮಗ, ಜಾತಕ, ದಂಗೆ, ಪಿಸ್ತೂಲು ಎಲ್ಲ ಇದೆ. ಬಹುಶಃ ವಾಚ್‌ಮನ್ ಪಾತ್ರ ಇಲ್ಲದ್ದೇ ಅವರಿಗೆ ಅಡ್ಡಿಯಾಗಿರಬೇಕು.

ನಿರ್ಮಾಪಕರೇ, ಬರ್ರಿ ಒಮ್ಮೆ. ಶಹಾಪುರಕ್ಕೂ ರೈಲಿಲ್ಲ, ಸುರಪುರಕ್ಕೂ ಇಲ್ಲ. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹತ್ತಬೇಕು. ಬರುವಾಗ ಡೈಲಾಗ್ ಬರೆಯುವವರನ್ನು ಮಾತ್ರ ಕರೆತರಬೇಡಿ, ಅವರು ಇಲ್ಲೇ ಸಿಗುತ್ತಾರೆ.