ನೆನಪಿನಲ್ಲಿ ಮರಿ ಹಾಕುವ ಕುದುರೆಗಳು

ಆಗಸ್ಟ್ ತಿಂಗಳ ಮೂರನೇ ಶನಿವಾರ ಡೆಟ್ರಾಯ್ಟಿನ ಉತ್ತರಕ್ಕೆ, ವುಡ್‌ವರ್ಡ್ ಅವೆನ್ಯೂ ಪಕ್ಕದಲ್ಲಿ ನಿಂತರೆ ಪೆಟ್ರೋಲ್ ಹೊಗೆಯಲ್ಲೇ ಹೊಟ್ಟೆ ತುಂಬುತ್ತದೆ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನವರೆಗೆ ಹಳೆಯ ಕಾರುಗಳ ಸಾಲು. 1995ರಲ್ಲಿ ಮಕ್ಕಳ ಸಾಕರ್ ಮೈದಾನಕ್ಕೆ ನಾಲ್ಕು ಕಾಸು ಕೂಡಿಸೋಣವೆಂದು ಶುರು ಮಾಡಿದ ‘ಡ್ರೀಮ್ ಕ್ರೂಸ್’ ಈಗ ದೊಡ್ಡ ಜಾತ್ರೆ. ರಸ್ತೆ ಬದಿಯಲ್ಲಿ ಬಾನೆಟ್ ತೆರೆದುಕೊಂಡು 1965ರ ಪಾಂಟಿಯಾಕ್ ಜಿಟಿಒ ನಿಂತಿತ್ತು. ಒಂದರ ಮೇಲೊಂದು ಕೂರಿಸಿದ ಜೋಡಿ ಹೆಡ್‌ಲೈಟು, ಟೈರಿನ ಸುತ್ತ ಕೆಂಪು ಗೆರೆ. ಮಾಲೀಕರು ಮಡಿಚುವ ಕುರ್ಚಿಯಲ್ಲಿ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ಇದೇ ಸಮಯವೆಂದು ಕಾರನ್ನು ಮಾತಿಗೆಳೆದೆ.

ನಮಸ್ಕಾರ ಯಜಮಾನರೇ. ಕನ್ನಡ ಬರುತ್ತದೆಯೇ?

ಬರದೆ ಏನು ತಮ್ಮಾ? ಟ್ರಾಯ್, ನೋವೈ ಕಡೆ ಒಂದು ಕಲ್ಲು ಬೀಸಿದರೆ ನಿಮ್ಮ ಕಡೆಯ ಎಂಜಿನಿಯರೊಬ್ಬನ ತಲೆಗೇ ಬೀಳುತ್ತದೆ. ಪಂಪನ ಹೆಸರಿನಲ್ಲಿ ಕನ್ನಡ ಕೂಟ ಬೇರೆ ಕಟ್ಟಿಕೊಂಡಿದ್ದಾರೆ. ವರ್ಷಾ ವರ್ಷಾ ಬಂದು ನನ್ನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ಒಂದೇ ಪ್ರಶ್ನೆ.

ಯಾವುದು?

‘ಎಷ್ಟು ಕೊಡುತ್ತೆ?’

ಅಂದ ಹಾಗೆ, ಎಷ್ಟು ಕೊಡುತ್ತೆ?

ನೀನೂ ಅವರಲ್ಲೊಬ್ಬ! ಲೀಟರಿಗೆ ನಾಲ್ಕೈದು ಕಿಲೋಮೀಟರ್. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ರೇಸು ಬಿದ್ದ ರಾತ್ರಿ ಅದೂ ಇಲ್ಲ. ನನ್ನ ಕಾಲದಲ್ಲಿ ಒಂದು ಗ್ಯಾಲನ್ ಪೆಟ್ರೋಲಿಗೆ ಮೂವತ್ತು ಚಿಲ್ಲರೆ ಸೆಂಟು. ಆಗ ಹೀಗೆ ಕೇಳಿದವನನ್ನು ಜನ ಮೇಲಿಂದ ಕೆಳಗೆ ನೋಡುತ್ತಿದ್ದರು.

ನಿಮ್ಮ ಹುಟ್ಟಿನ ಬಗ್ಗೆ ಹೇಳಿ. ಒಳ್ಳೆಯ ಮನೆತನ, ಜನರಲ್ ಮೋಟಾರ್ಸ್...

ಮನೆತನ ಒಳ್ಳೆಯದೇ, ಹುಟ್ಟಿದ ದಾರಿ ಮಾತ್ರ ಸ್ವಲ್ಪ ಸೊಟ್ಟ. 1963ರ ಶುರುವಿನಲ್ಲಿ ಕಂಪನಿಯ ದೊಡ್ಡವರು ‘ಇನ್ನು ರೇಸಿಂಗ್ ಸಹವಾಸ ಸಾಕು’ ಎಂದು ಅಪ್ಪಣೆ ಹೊರಡಿಸಿದರು. ಪಾಂಟಿಯಾಕ್ ವಿಭಾಗ ಹೆಸರು ಮಾಡಿದ್ದೇ ರೇಸಿನಿಂದ. ಇನ್ನೊಂದು ಕಟ್ಟಳೆಯೂ ಇತ್ತು: ನಡುಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ನು ಕೂರಿಸಕೂಡದು. ಅಲ್ಲಿನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವನ ಹುಡುಗರು ಆ ಕಾಗದವನ್ನು ತಿರುಗಿಸಿ ಮುರುಗಿಸಿ ಓದಿದರು. ಕಾರಿನ ಜೊತೆಗೆ ಬರುವ ಎಂಜಿನ್ನಿಗೆ ಮಿತಿ ಇತ್ತು. ಗಿರಾಕಿ ತಾನೇ ಬಾಯಿಬಿಟ್ಟು ಕೇಳಿ, ಮೇಲೆ ದುಡ್ಡು ಕೊಟ್ಟು ತೆಗೆದುಕೊಳ್ಳುವ ಆಪ್ಷನ್ನಿನ ಸುದ್ದಿಯೇ ಇರಲಿಲ್ಲ! ಹೀಗೆ 1964ರಲ್ಲಿ ಟೆಂಪೆಸ್ಟ್ ಎಂಬ ಸಾಧು ಕಾರಿನ ಹೊಟ್ಟೆಗೆ ದೊಡ್ಡ ಕಾರಿನ 389, ಅಂದರೆ 6.4 ಲೀಟರಿನ ವಿ8 ಇಳಿಯಿತು. ಬೆಲೆ ಪಟ್ಟಿಯಲ್ಲಿ ನಾನು 300 ಡಾಲರಿನೊಳಗಿನ ಒಂದು ಸಾಲು, ಅಷ್ಟೆ.

ಅಕ್ರಮ–ಸಕ್ರಮ ಅನ್ನಿ.

ಸಕ್ರಮ ಮಾಡಿದ್ದು ಗಿರಾಕಿಗಳು. ಐದು ಸಾವಿರಕ್ಕಿಂತ ಹೆಚ್ಚು ಹೋಗಲಾರದು ಎಂದು ಮಾರಾಟ ವಿಭಾಗ ಮೂಗು ಮುರಿದಿತ್ತು. ಮೊದಲ ವರ್ಷವೇ 32,450 ಹೋದವು. ಆಮೇಲೆ ಕಟ್ಟಳೆಯ ಮಾತು ಎತ್ತಿದವರಿಲ್ಲ.

ಹೆಸರು ಮಾತ್ರ ಫೆರಾರಿಯದು.

ಹಾರಿಸಿದ್ದು, ಒಪ್ಪಿದೆ. 1964ರ ಮಾರ್ಚ್‌ನಲ್ಲಿ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ಫೆರಾರಿ ಜಿಟಿಒ ಜೊತೆ ನನ್ನನ್ನು ಮುಖಪುಟದಲ್ಲಿ ಕಾದಾಡಲು ಬಿಟ್ಟಿತು. ಪರೀಕ್ಷೆಗೆ ಫೆರಾರಿ ಬಂದಿರಲೇ ಇಲ್ಲ, ಆ ಮಾತು ಬೇರೆ. ನಿಂತಲ್ಲಿಂದ ಗಂಟೆಗೆ 60 ಮೈಲಿ ಮುಟ್ಟಲು ನನಗೆ 4.6 ಸೆಕೆಂಡು ಸಾಕು ಎಂದು ಅಚ್ಚಾಯಿತು. ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಜಾಹೀರಾತು ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ ದಶಕಗಳಾದ ಮೇಲೆ ನಿಜ ಬಾಯಿಬಿಟ್ಟ: ಆ ಕಾರಿನಲ್ಲಿ ಇದ್ದದ್ದು 389 ಅಲ್ಲ, ಅದಕ್ಕಿಂತ ದೊಡ್ಡ 421. ನನ್ನ ಹೆಸರಿನಲ್ಲಿ ನಮ್ಮಣ್ಣ ಪರೀಕ್ಷೆ ಬರೆದು ಬಂದಿದ್ದ.

ಓಡಿಸಿದವರು ಈಗಲೂ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುತ್ತಾರಲ್ಲ. ನಿಜಕ್ಕೂ ಹೇಗಿರುತ್ತಿತ್ತು?

ಬಾನೆಟ್ ಒಳಗೆ ಬಗ್ಗಿ ನೋಡು. ಸಾಲಾಗಿ ಮೂರು ಕಾರ್ಬ್ಯುರೇಟರ್ ಕಾಣುತ್ತದಾ? ಚರ್ಚಿಗೆ ಹೋಗುವಾಗ, ಅಜ್ಜಿಯನ್ನು ಡಾಕ್ಟರ ಬಳಿ ಕರೆದೊಯ್ಯುವಾಗ ನಡುವಿನದು ಒಂದೇ ದುಡಿಯುತ್ತದೆ. ಉಳಿದೆರಡು ಸುಮ್ಮನೆ ಬಾಯಿ ಮುಚ್ಚಿಕೊಂಡಿರುತ್ತವೆ. ಪೆಡಲನ್ನು ಪೂರ್ತಿ ಒತ್ತು, ಆಗ ಅವೂ ಬಾಯಿ ತೆರೆಯುತ್ತವೆ. ಗಾಳಿ ಎಳೆದುಕೊಳ್ಳುವ ಸದ್ದು ಮೊದಲು, ಗುಡುಗು ಆಮೇಲೆ. ಮೂತಿ ಮೇಲಕ್ಕೆ, ಹಿಂಭಾಗ ಕೆಳಕ್ಕೆ. ಕನ್ನಡಿಯಲ್ಲಿ ಹಿಂದಿನ ರಸ್ತೆ ನಡುಗಿ ನಡುಗಿ ಅಳಿಸಿಯೇ ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಕೂತವರ ಕೈಯ ಮಿಲ್ಕ್‌ಶೇಕ್ ಅವರ ಎದೆಯ ಮೇಲೆ. ಬಿಸಿಲಲ್ಲಿ ನಿಲ್ಲಿಸಿದ್ದರೆ ಕಪ್ಪು ವಿನೈಲ್ ಸೀಟಿಗೆ ತೊಡೆ ಅಂಟಿಕೊಂಡು ಏಳುವಾಗ ಚರ್ರ್ ಎನ್ನುತ್ತಿತ್ತು. ಅದನ್ನು ಯಾರೂ ನೆನಪಿಟ್ಟುಕೊಂಡಿಲ್ಲ ನೋಡು.

ಬ್ರೇಕು?

ಯಾಕಪ್ಪಾ ಆ ಸುದ್ದಿ? ನಾಲ್ಕು ಚಕ್ರಕ್ಕೂ ಡ್ರಮ್ಮು. ಒಂದು ಸಲ ಜೋರಾಗಿ ಬಂದು ಹಿಡಿದರೆ ಹಿಡಿಯುತ್ತದೆ. ಕಾವೇರಿದ ಮೇಲೆ ಇನ್ನೊಂದು ಸಲ ಹಿಡಿದರೆ ಯೋಚನೆ ಮಾಡುತ್ತದೆ. ಮೂರನೆಯದು ದೇವರ ಮೇಲೆ ಭಾರ. ಹೋಗುವುದಕ್ಕೆ ದುಡ್ಡು ಸುರಿದವರು ನಿಲ್ಲುವುದಕ್ಕೆ ಸುರಿಯಲಿಲ್ಲ. ಸ್ಟೀರಿಂಗ್ ಕಂಬವೋ, ಡಿಕ್ಕಿ ಹೊಡೆದರೆ ಎದೆಗೇ ನಾಟುವಂಥದ್ದು. ಸೊಂಟಕ್ಕೆ ಬೆಲ್ಟು ಇತ್ತು. ಹುಡುಗರು ಅದನ್ನು ಸೀಟಿನ ಸಂದಿಗೆ ತುರುಕಿ ಅದರ ಮೇಲೆ ಕೂರುತ್ತಿದ್ದರು. ಸತ್ತವರು ಯಾರೂ ಇಲ್ಲಿಗೆ ನೆನಪು ಹೇಳಿಕೊಳ್ಳಲು ಬರುವುದಿಲ್ಲ ತಮ್ಮಾ, ಅದಕ್ಕೇ ಜಾತ್ರೆ ಇಷ್ಟು ಚಂದ.

ಆದರೂ 360 ಹಾರ್ಸ್‌ಪವರ್ ಸಣ್ಣ ಮಾತಲ್ಲ.

ಅದನ್ನು ಅಳೆದದ್ದು ಹೇಗೆ ಗೊತ್ತೇ? ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಏರ್ ಫಿಲ್ಟರು, ಫ್ಯಾನು, ಸೈಲೆನ್ಸರು ಎಲ್ಲ ಕಳಚಿ, ಬೆತ್ತಲೆ ನಿಲ್ಲಿಸಿ. 1972ರಿಂದ ಎಲ್ಲ ತೊಡಿಸಿ ಅಳೆಯಲು ಶುರು ಮಾಡಿದರು. 1971ರಲ್ಲಿ 300 ಇದ್ದ ನಮ್ಮ 400 ಘನ ಅಂಗುಲದ ಎಂಜಿನ್ನು ಮರುವರ್ಷ ಪಟ್ಟಿಯಲ್ಲಿ 250. ಕುದುರೆಗಳನ್ನು ಯಾರೂ ಕದ್ದಿರಲಿಲ್ಲ, ತಕ್ಕಡಿ ಬದಲಾಗಿತ್ತು. ಆದರೆ ನೆನಪಿನ ತಕ್ಕಡಿ ಹಳೆಯದೇ. ಸತ್ತೆಮ್ಮೆಗೆ ಹಾಲು ಹೆಚ್ಚು ಅನ್ನುತ್ತೀರಲ್ಲ, ನನ್ನ ಕುದುರೆಗಳು ಹಾಗೇ ಲಾಯದಲ್ಲಿ ನಿಂತಲ್ಲೇ ಮರಿ ಹಾಕುತ್ತಿವೆ.

ಮೊನ್ನೆ ಮೊನ್ನೆಯವರೆಗೆ ಮಾರುತ್ತಿದ್ದ ಟೊಯೊಟಾ ಕ್ಯಾಮ್ರಿ ವಿ6ರಲ್ಲಿ ಬಟ್ಟೆ ತೊಟ್ಟ 301 ಇತ್ತು. ತರಕಾರಿ ತರುವ ಕಾರು!

ಅದು ಓಡುವುದು ನಿಜ. ನಾನು ಓಡುವುದು ಪಕ್ಕದ ಬೀದಿಗೂ ಗೊತ್ತಾಗುತ್ತದೆ. ವ್ಯತ್ಯಾಸ ಇದೆ.

ಈ ರಸ್ತೆಯ ಹಳೆಯ ರಾತ್ರಿಗಳು ನೆನಪಿವೆಯೇ?

ಟೆಡ್ಸ್ ಡ್ರೈವ್‌ಇನ್‌ನಲ್ಲಿ ಒಂದು ಸುತ್ತು, ರಾಯಲ್ ಓಕ್‌ನ ಟೋಟೆಮ್ ಪೋಲ್‌ನಲ್ಲಿ ಇನ್ನೊಂದು. ನಡುವೆ ಕೆಂಪು ದೀಪ ಬಿದ್ದಲ್ಲೆಲ್ಲ ಪಕ್ಕದವನ ಮುಖ ನೋಡುವುದು, ಹಸಿರಾದರೆ ಸಾಕು. ಕಂಪನಿಗಳ ಎಂಜಿನಿಯರುಗಳೂ ಮನೆಗೆ ಹೋಗುವ ದಾರಿ ಎಂದು ಇಲ್ಲಿಗೇ ಬರುತ್ತಿದ್ದರು. ನನ್ನ ಮೊದಲ ಮಾಲೀಕನಿಗೆ ಇಪ್ಪತ್ತೊಂದು. ಸರಕಾರದಿಂದ ಕಾಗದ ಬಂತು, ಬೀಗದ ಕೈಯನ್ನು ಅಪ್ಪನಿಗೆ ಕೊಟ್ಟು ವಿಯೆಟ್ನಾಮಿಗೆ ಹೋದ. ಆ ಅಪ್ಪ ಭಾನುವಾರಕ್ಕೊಮ್ಮೆ ಬಂದು ಎಂಜಿನ್ನು ಚಾಲೂ ಮಾಡಿ, ಗೇರಿಗೆ ಕೈ ಹಾಕದೆ, ಹತ್ತು ನಿಮಿಷ ಕೂತು ಎದ್ದು ಹೋಗುತ್ತಿದ್ದರು. ಆ ಹುಡುಗನ ಸುದ್ದಿ ಕೇಳಬೇಡ.

ಇನ್ನೊಂದು ಕೇಳು. ಈ ಮೆರವಣಿಗೆ ಶುರುವಾಗುವುದೇ ಎಂಟನೇ ಮೈಲಿ ರಸ್ತೆಯಿಂದ ಈಚೆಗೆ. ಅದರಾಚೆ ಡೆಟ್ರಾಯ್ಟ್. 1967ರ ಜುಲೈನಲ್ಲಿ ಹೊತ್ತಿ ಉರಿದು 43 ಜನ ಸತ್ತ ಊರು. ‘ಆ ಕಾಲ ಎಷ್ಟು ಚೆನ್ನಾಗಿತ್ತು’ ಎನ್ನುವವರ ಗಾಡಿ ಸಾಮಾನ್ಯವಾಗಿ ಆ ಗೆರೆ ದಾಟುವುದಿಲ್ಲ.

ನಿಮ್ಮ ವಂಶ ಅಳಿಯಲು 1973ರ ತೈಲ ಬಿಕ್ಕಟ್ಟು ಕಾರಣ ಎನ್ನುತ್ತಾರೆ.

ಅದು ಬಂದದ್ದು ತಿಥಿ ಊಟದ ಹೊತ್ತಿಗೆ. ಅಷ್ಟರೊಳಗೆ ಇನ್ಶೂರೆನ್ಸಿನವರು ಎಳೆ ಹುಡುಗರಿಗೆ ಕಂತು ಏರಿಸಿ ಏರಿಸಿ ನಮ್ಮ ಕತ್ತು ಹಿಸುಕಿದ್ದರು. 1970ರ ಶುದ್ಧ ಗಾಳಿ ಕಾಯ್ದೆಯ ಭಯಕ್ಕೆ ಎಂಜಿನ್ನಿನ ಕಂಪ್ರೆಶನ್ನೂ ಇಳಿಯಿತು. 1974ರಲ್ಲಿ ನನ್ನ ಹೆಸರನ್ನು ಒಂದು ಬಡಕಲು ಕಾರಿಗೆ ಅಂಟಿಸಿ ಬಾಗಿಲು ಹಾಕಿದರು. ಪಾಂಟಿಯಾಕ್ ಎಂಬ ಮನೆಯೇ 2010ಕ್ಕೆ ಮುಗಿಯಿತು.

ಈಗಿನ ಜೀವನ?

ಗ್ಯಾರೇಜಿನಲ್ಲಿ ಏಸಿ, ಮೈಮೇಲೆ ಹತ್ತಿಯ ಹೊದಿಕೆ. ಹರಾಜಿಗೆ ಬರುವವರು ಓಡುತ್ತದೆಯೇ ಎಂದು ಕೇಳುವುದಿಲ್ಲ, ಎಂಜಿನ್ನಿನ ನಂಬರು ತಾಳೆಯಾಗುತ್ತದೆಯೇ ಎನ್ನುತ್ತಾರೆ. 64, 65ರಲ್ಲಿ ನಾನು ಬರೀ ಆಪ್ಷನ್ನಲ್ಲವೇ, ಚಾಸಿ ನಂಬರಿನಲ್ಲಿ ನನ್ನ ಗುರುತೇ ಇಲ್ಲ. ಟೆಂಪೆಸ್ಟ್ ಬಳಗದ ಸಾಮಾನ್ಯ ಲೆ ಮಾನ್ಸ್ ಕಾರಿಗೆ ನನ್ನ ಬ್ಯಾಡ್ಜು ಹೊಡೆದು ನಾನೆಂದು ಮಾರಿದವರು ಉಂಟು. ಹಾಗಾಗಿ ನಾನು ನಾನೇ ಎಂಬುದಕ್ಕೆ ಹಳೆಯ ಕಾಗದ ಬೇಕು. ಇವತ್ತು ಇಲ್ಲಿಗೂ ಟ್ರೇಲರ್ ಮೇಲೆ ಬಂದೆ. ನಮ್ಮ ಮಾಲೀಕರಿಗೆ ಮಂಡಿ ನೋವು, ನನ್ನ ಕ್ಲಚ್ಚು ಕಲ್ಲಿನಷ್ಟು ಗಟ್ಟಿ. ಹಲ್ಲಿದ್ದಾಗ ಕಡಲೆ ಇರಲಿಲ್ಲ ಅವರಿಗೆ.

ಈಗಿನ ವಿದ್ಯುತ್ ಡಾಡ್ಜ್ ಚಾರ್ಜರ್ ನೋಡಿದಿರಾ? ಎಂಜಿನ್ನಿಲ್ಲದಿದ್ದರೂ ಗುಡುಗಲೆಂದು ಸದ್ದಿನ ಯಂತ್ರ ಇಟ್ಟಿದ್ದಾರೆ.

ನೋಡಿದೆ, ಕೇಳಿದೆ. ನಗು ಬಂತು. ಆಮೇಲೆ 421ರ ನೆನಪಾಗಿ ಸುಮ್ಮನಾದೆ.

ಅಷ್ಟರಲ್ಲಿ ಮಾಲೀಕರಿಗೆ ಎಚ್ಚರವಾಯಿತು. ಐಸ್‌ಕ್ರೀಮ್ ಹಿಡಿದ ಹುಡುಗನೊಬ್ಬ ‘ಎಷ್ಟು ಹಾರ್ಸ್‌ಪವರ್?’ ಎಂದ. ‘ನಾನೂರು, ಮಗೂ’ ಎಂದರು ಅವರು, ಟೋಪಿ ಸರಿಮಾಡಿಕೊಳ್ಳುತ್ತ.

ಯಜಮಾನರೇ, 400 ಅನ್ನುತ್ತಿದ್ದಾರೆ!

ಬೆಳಿಗ್ಗೆ 380 ಇತ್ತು. ನೀನು ಪತ್ರಿಕೆಯಲ್ಲಿ 420 ಅಂತ ಹಾಕು, ಯಾರು ಬಂದು ಅಳೆಯುತ್ತಾರೆ?